ಹಣೆಯ ಮುಂದೆ ನಿಂತ ಕೋಲು

ನವೆಂಬರ್ ೪, ಮಂಗಳವಾರ

ಜಗಳ ಆಡಲು ಮಹಡಿ ಹತ್ತಿದವಳು ಹೆಸರು ಬರೆಸಿ ಕೆಳಗಿಳಿದೆ. ಯಾರಿಗಾದರೂ ಹೇಳಿದರೆ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲೆನ್ಸ್ ಕಂಪನಿಯವರು ವರ್ಷದ ಮೊದಲಿಗೆ ಪುಕ್ಕಟೆ ಕೊಟ್ಟ ಡೈರಿ ಇದು. ಇಷ್ಟು ದಿನ ಇದರ ಮೇಲೆ ಚಹಾದ ಲೋಟ ಇಡುತ್ತಿದ್ದೆ.

ನಮ್ಮ ಕನ್ನಡಕದ ಅಂಗಡಿಯ ಮೇಲೆ ಗರಡಿ ಇದೆ. ಕೋಲಿನ ವರಸೆ ಕಲಿಸುತ್ತಾರೆ. ಕಣ್ಣು ಪರೀಕ್ಷೆ ಮಾಡುವ ನನ್ನ ಕೋಣೆ ಸರಿಯಾಗಿ ಅದರ ಅಡಿಗೇ ಬರುತ್ತದೆ. ಗಿರಾಕಿಯ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, "ಅಲುಗಾಡಬೇಡಿ, ರೆಪ್ಪೆ ಬಡೀಬೇಡಿ" ಅನ್ನುತ್ತೇನೆ. ಅಷ್ಟರಲ್ಲಿ ಮೇಲೆ ಯಾರೋ ದೊಪ್ಪನೆ ಬೀಳುತ್ತಾರೆ, ಕೆಳಗೆ ಗಿರಾಕಿ ಬೆಚ್ಚಿಬೀಳುತ್ತಾನೆ. ಇವತ್ತು ಸೂರಿನಿಂದ ಸುಣ್ಣದ ಚಕ್ಕೆ ಕಳಚಿ ಗೋಡೆಯ ಅಕ್ಷರದ ಚಾರ್ಟಿನ ಮೇಲೆಲ್ಲ ಧೂಳು ಚೆಲ್ಲಿತು. "ಈ ಚಾರ್ಟು ಇನ್ನು ಕೆಲಸಕ್ಕೆ ಬರಲ್ಲ, ಹೊಸದು ತರಿಸಬೇಕು. ನೀನೇ ಹೋಗಿ ದಬಾಯಿಸಿ ಬಾಮ್ಮ, ನಿನ್ನ ಬಾಯಿ ಗಟ್ಟಿ" ಅಂದರು ಅಂಗಡಿ ಯಜಮಾನರು.

ಮೇಲೆ ಉದ್ದನೆಯ ಹಾಲು. ಅರವತ್ತು ದಾಟಿದ ಒಬ್ಬ ಹೆಂಗಸು ಕಿಟಕಿಯ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅವರೇ ಗುರುಗಳಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಆ ತುದಿಯಲ್ಲಿ ಒಬ್ಬಾತ ಇನ್ನೊಬ್ಬನ ಹಣೆಗೆ ಕೋಲು ಬೀಸಿದ. ಕೋಲು ಹಣೆಯ ಮುಂದೆ ಗಕ್ಕನೆ ನಿಂತಿತಂತೆ. ನಾನು ನೋಡಲಿಲ್ಲ. ಅಷ್ಟು ದೂರದ ಬಾಗಿಲಲ್ಲಿದ್ದ ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳ ಸುಲಭವಾಗುತ್ತಿತ್ತು.

"ಕೆಳಗಡೆ ಕಣ್ಣು ನೋಡೋರಲ್ವಾ ನೀವು?" ಅಂದರು ಗುರುಗಳು.

"ಹೌದು. ನಿಮ್ಮ ಗಲಾಟೆಯಿಂದ ನಮಗೆ..."

"ಗಲಾಟೆಗೆ ಚಾಪೆ ಹಾಕಿಸ್ತೀನಿ. ಗುರುವಾರ ಬನ್ನಿ."

"ನಾನ್ಯಾಕೆ ಬರಲಿ?"

"ಸುಮ್ನೆ ಬಂದು ನಿಂತ್ಕೊಳ್ಳಿ."

ಆಯ್ತು ಅಂದೆ, ಹೆಸರೂ ಬರೆಸಿದೆ. ಯಾಕೆ ಅಂದೆನೋ ಗೊತ್ತಿಲ್ಲ. ನಲವತ್ತೊಂದರ ಹೆಂಗಸಿಗೆ ಕೋಲು ಯಾಕೆ?

ಅಂಗಡಿ ಮುಚ್ಚುವ ಹೊತ್ತಿಗೆ ಎಂದಿನಂತೆ ಅಣ್ಣ ತನ್ನ ಶಾಲಾ ವ್ಯಾನಿನಲ್ಲಿ ಬಂದ. ಕೊನೆಯ ಗಿರಾಕಿ ಮುಗಿಯುವವರೆಗೆ ನನ್ನ ಕೋಣೆಯ ಬೆಂಚಿನಲ್ಲಿ ಕೂತು, ಅವರು ಓದುವ ಅಕ್ಷರಗಳನ್ನೇ ಬಾಯಲ್ಲಿ ಗುನುಗುತ್ತಿದ್ದ. ಎಷ್ಟೋ ವರ್ಷದ ಅಭ್ಯಾಸ ಅದು. ದಾರಿಯಲ್ಲಿ ಗರಡಿಯ ವಿಷಯ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಗುತ್ತಾನೆ ಅಂದುಕೊಂಡಿದ್ದೆ. ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತಾ "ನಿನ್ನಿಷ್ಟ ಪುಟ್ಟಿ" ಅಂದ, ಅಷ್ಟೆ.

ನವೆಂಬರ್ ೬, ಗುರುವಾರ

ಬಂದು ನಿಂತ್ಕೊಳ್ಳಿ ಅಂದದ್ದು ಬರೀ ಬಾಯಿಮಾತಲ್ಲ, ನಿಜವಾಗಿ ನಿಲ್ಲಿಸಿಯೇಬಿಟ್ಟರು.

ಇಲ್ಲಿ ಹೊಸಬರ ಕೈಗೆ ಕೋಲು ಕೊಡುವುದಿಲ್ಲ. ಎದುರಿನವರು ಹೆಗಲ ಮೇಲಿಂದ ಬೀಸಿದ ಕೋಲು ನಮ್ಮ ಹಣೆಯ ಮುಂದೆ, ಬೆರಳಿನಷ್ಟು ಜಾಗ ಬಿಟ್ಟು ನಿಲ್ಲುತ್ತದೆ. ಹೆಗಲಿಂದ ಹಣೆಯವರೆಗೆ ನಾವು ಅದರ ತುದಿಯನ್ನೇ ನೋಡುತ್ತಿರಬೇಕು. ಪೂರ್ತಿ ಕಂಡರೆ "ಕಂಡೆ" ಅನ್ನಬೇಕು. ನಡುವೆ ಕಣ್ಣು ಮುಚ್ಚಿದ್ದರೆ ಸುಮ್ಮನಿರಬೇಕು, ಮತ್ತೆ ಮೊದಲಿಂದ. ಕೋಲು ಬೀಸಿದವರಿಗೆ ನಾವು ಕಣ್ಣು ಮುಚ್ಚಿದ್ದು ಎದ್ದು ಕಾಣುತ್ತದೆ, ಆದರೆ ಅವರು ತುಟಿ ಬಿಚ್ಚುವ ಹಾಗಿಲ್ಲ. ಹೇಳಬೇಕಾದವರು ನಾವೇ.

ನನ್ನ ಎದುರಿಗೆ ಬಂದವರು ನಮ್ಮ ಬೀದಿಗೆ ಕಾಗದ ಹಾಕುವವರು. ಎಲ್ಲರೂ ಅವರನ್ನು ಪೋಸ್ಟಪ್ಪ ಅನ್ನುತ್ತಾರೆ. ತುಂಬಾ ಸಂಭಾವಿತರು. ಪ್ರತಿ ಸಲ ಬೀಸುವ ಮೊದಲು "ತಪ್ಪು ತಿಳ್ಕೋಬೇಡಿ ಮೇಡಂ" ಅನ್ನುತ್ತಾರೆ, ಆಮೇಲೆ ನನ್ನನ್ನು ಎರಡು ಹೋಳು ಮಾಡುವವರ ಹಾಗೆ ಬೀಸುತ್ತಾರೆ.

ಸಂಜೆಯೆಲ್ಲ ಸುಮ್ಮನಿದ್ದೆ. ಒಂದು ಸಲವೂ ಕಾಣಲಿಲ್ಲ. ಬೆಳಗಿಂದ ಸಂಜೆಯವರೆಗೆ ಊರವರಿಗೆಲ್ಲ ರೆಪ್ಪೆ ಬಡೀಬೇಡಿ ಅನ್ನುವವಳು ನಾನು.

ನನ್ನ ಕಣ್ಣು ಯಾಕೆ ಮುಚ್ಚುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಗಂಡನ ಮನೆಯಲ್ಲಿದ್ದ ವರ್ಷಗಳಲ್ಲಿ ಅವನ ಕೈ ಮೇಲೆದ್ದ ಕೂಡಲೇ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತೆ. ಮುಚ್ಚಿಕೊಂಡರೆ ನೋವೇನೂ ಕಡಿಮೆಯಾಗುತ್ತಿರಲಿಲ್ಲ. ಆದರೂ ಕಲಿತದ್ದು ಹೋಗುವುದಿಲ್ಲ.

ನವೆಂಬರ್ ೧೧, ಮಂಗಳವಾರ

ಅಣ್ಣನಿಗೆ ನನ್ನ ಮೇಲೆ ಏನೋ ಕೋಪ. ಏನೆಂದು ಬಗೆಹರಿಯುತ್ತಿಲ್ಲ.

ಊಟಕ್ಕೆ ಕೂತಾಗ ಎದುರಿಗೆ ನಾನಿದ್ದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ಮಾತಾಡಿಸಿದರೆ ಉತ್ತರ ಬರುತ್ತದೆ, ಆದರೆ ಗೋಡೆಗೆ ಹೇಳಿದ ಹಾಗೆ. ಬೇಸಿಗೆಯಿಂದಲೇ ಶುರುವಾಗಿರಬೇಕು, ಈಗೀಗ ನನಗೆ ಚುಚ್ಚುತ್ತಿದೆ. ಅವನ ಮನೆಯ ಮಹಡಿಯ ಕೋಣೆಯಲ್ಲಿ ನಾನು ಇಷ್ಟು ವರ್ಷ ಬೀಡುಬಿಟ್ಟಿದ್ದೇ ಹೆಚ್ಚಾಯಿತೋ ಏನೋ.

ಅತ್ತಿಗೆಯನ್ನು ಕೇಳಿದೆ. "ನಿನ್ನ ಮೇಲಲ್ಲ ಬಿಡೆ, ನಿಮ್ಮಣ್ಣಂಗೆ ಈಚೆಗೆ ಎಲ್ಲರ ಮೇಲೂ ಸಿಡಿಮಿಡಿ. ಪೇಪರ್ ಓದೋದೂ ಬಿಟ್ಟಿದ್ದಾರೆ, ಬರೀ ಸುಳ್ಳು ಬರೀತಾರಂತೆ. ಮಕ್ಕಳ ಜೊತೆ ಮಾತ್ರ ಖುಷಿಯಾಗಿರ್ತಾರೆ. ವ್ಯಾನಲ್ಲಿ ಅದೇನೋ ಬಣ್ಣದಾಟ ಅಂತೆ. ಸಿಗ್ನಲ್ ಬಂದ್ರೆ ಯಾವ ಬಣ್ಣ ಅಂತ ಇವರು ಕೇಳೋದು, ಮಕ್ಕಳು ಕೂಗೋದು. ಆ ಆಟಕ್ಕೋಸ್ಕರ ಮುಂದಿನ ಸೀಟಿಗೆ ಜಗಳ ಆಡ್ತಾವಂತೆ ಮಕ್ಕಳು."

ಹಾಗಾದರೆ ನನ್ನ ಮೇಲೇ ಕೋಪ ಅಂತಾಯಿತು.

ಆ ಮನೆಯಿಂದ ನನ್ನನ್ನು ಕರೆತಂದದ್ದು ಈ ಅಣ್ಣನೇ. ಬದಿಯಲ್ಲಿ ಮೀನಿನ ಚಿತ್ರ ಬರೆದಿರುವ ಅದೇ ಶಾಲಾ ವ್ಯಾನಿನಲ್ಲಿ ನನ್ನ ಪೆಟ್ಟಿಗೆ, ಹಾಸಿಗೆ, ಹೊಲಿಗೆ ಮೆಷಿನ್ನು ತುಂಬಿಕೊಂಡು ಬಂದ. ಏನಾಯಿತು, ಯಾಕೆ ಬಿಟ್ಟೆ ಅಂತ ದಾರಿಯುದ್ದಕ್ಕೂ ಒಂದು ಮಾತು ಕೇಳಲಿಲ್ಲ. "ಗಾಳಿ ಬರ್ತಿದ್ಯಾ? ಕಿಟಕಿ ಹಾಕ್ಲಾ?" ಅಂದ, ಅಷ್ಟೆ. ಅಂಥವನು ಈಗ ಮುಖ ತಿರುಗಿಸಿದರೆ ನಾನು ಎಲ್ಲಿಗೆ ಹೋಗಲಿ?

ಗರಡಿಯಲ್ಲಿ ಇವತ್ತೂ ಸುಮ್ಮನಿದ್ದೆ.

ನವೆಂಬರ್ ೧೩, ಗುರುವಾರ

"ಕಂಡೆ" ಅಂದುಬಿಟ್ಟೆ.

ಕಂಡಿರಲಿಲ್ಲ. ನನ್ನ ಜೊತೆಗೇ ಸೇರಿದ ಕಾಲೇಜು ಹುಡುಗಿ ಆಗಲೇ ಕೋಲು ಹಿಡಿದು ಕುಣಿಯುತ್ತಿದ್ದಳು, ನನಗೆ ನಾಚಿಕೆಯಾಯಿತು. ಪೋಸ್ಟಪ್ಪ ಒಂದು ಗಳಿಗೆ ಹಾಗೇ ನಿಂತರು, ಆಮೇಲೆ ಕೋಲು ಇಳಿಸಿದರು. ಗುರುಗಳು ಬಂದು ನನ್ನ ಕೈಗೊಂದು ಕೋಲು ಕೊಟ್ಟರು. ಅದರ ತುದಿಗೆ ತಾಮ್ರದ ಪಟ್ಟಿ ಇದೆ.

ಬೇಕಾದದ್ದು ಸಿಕ್ಕಿತಲ್ಲ. ಮತ್ತೆ ಊಟ ಯಾಕೆ ಸೇರಲಿಲ್ಲ?

ನವೆಂಬರ್ ೧೫, ಶನಿವಾರ

"ಕಂಡೆ" ಅಂದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಬೀಸುತ್ತಾರಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಪೋಸ್ಟಪ್ಪನ ಕೋಲು ಹೊರಟದ್ದಷ್ಟೇ ಗೊತ್ತು. ಕಣ್ಣು ಮುಚ್ಚಿಕೊಂಡು ಅದು ಬರುವ ಕಡೆಗೇ ತಲೆ ಹಾಕಿದೆ. ಅವರು ಕೈ ತಿರುಗಿಸಿದ್ದರಿಂದ ಬಚಾವಾದೆ, ಇಲ್ಲದಿದ್ದರೆ ಇವತ್ತು ಬರೆಯಲು ಕಣ್ಣು ಇರುತ್ತಿರಲಿಲ್ಲ. ಕೈ ತಿರುಗಿಸಿದ ರಭಸಕ್ಕೆ ಕೋಲು ಕಂಬಕ್ಕೆ ಬಡಿದು ಪಾಪ ಅವರ ಹೆಬ್ಬೆರಳು ಜಜ್ಜಿತು. ಅಷ್ಟಾದರೂ ನನ್ನನ್ನೇ "ಏನೂ ಆಗ್ಲಿಲ್ವಲ್ಲ ಮೇಡಂ?" ಅಂತ ಕೇಳುತ್ತಿದ್ದರು.

ಏನೂ ಆಗಲಿಲ್ಲ ಅಂದೆ. ಆಗಿದ್ದೆಲ್ಲ ಅವರಿಗೇ.

ನವೆಂಬರ್ ೧೮, ಮಂಗಳವಾರ

ಗುರುಗಳ ಹತ್ತಿರ ಹೋಗಿ, "ಅವತ್ತು ನಾನು ಕಂಡಿರಲಿಲ್ಲ" ಅಂದೆ. ಬೈಯುತ್ತಾರೆ, ಇಲ್ಲ ಬುದ್ಧಿವಾದ ಹೇಳುತ್ತಾರೆ ಅಂತ ಮೈಯೆಲ್ಲ ಗಟ್ಟಿ ಮಾಡಿಕೊಂಡಿದ್ದೆ. "ಸರಿ, ಕೋಲು ಅಲ್ಲಿಡು" ಅಂದರು. ನನಗೆ ಅರ್ಧ ಕಿತ್ತಳೆ ಕೊಟ್ಟರು. ಇದಕ್ಕೆ ಏನು ಅರ್ಥ ಮಾಡಿಕೊಳ್ಳಬೇಕು?

ಮೆಟ್ಟಿಲಿಳಿಯುವಾಗ ಪೋಸ್ಟಪ್ಪನನ್ನು ಕೇಳಿದೆ. "ನಾನು ಕಣ್ಣು ಮುಚ್ಚಿದ್ದು ನಿಮಗೆ ಗೊತ್ತಾಗಿತ್ತಾ?"

"ಎದುರಿಗೇ ಇದ್ನಲ್ಲ ಮೇಡಂ, ಗೊತ್ತಾಗ್ದೆ ಇರುತ್ತಾ?"

"ನನ್ನ ಮೇಲೆ ಬೇಜಾರಾಯ್ತಾ?"

ಅವರು ಪಟ್ಟಿ ಕಟ್ಟಿದ ಹೆಬ್ಬೆರಳನ್ನು ನೋಡಿಕೊಂಡರು. "ಬೇಜಾರಲ್ಲ, ಭಯ ಆಯ್ತು. ಕಂಡೆ ಅಂದ್ಮೇಲೆ ನಾನು ಜೋರಾಗಿ ಬೀಸ್ಲೇಬೇಕಲ್ಲ. ನಿಮಗೆ ಕಾಣ್ಸಲ್ಲ ಅಂತ ಗೊತ್ತಿದ್ದೂ ಬೀಸ್ಬೇಕು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ."

ಸುಳ್ಳು ಹೇಳಿದವಳು ನಾನು, ನಿದ್ದೆಗೆಟ್ಟವರು ಅವರು. ತಲೆ ಕೆಟ್ಟುಹೋಗಿದೆ.

ನವೆಂಬರ್ ೨೨, ಶನಿವಾರ

ಅಣ್ಣ ನನಗೆ ನೀರು ಬಗ್ಗಿಸಲು ಬಂದು ಲೋಟದ ಪಕ್ಕಕ್ಕೆ ಸುರಿದ. ಮೇಜೆಲ್ಲ ನೀರು. ಬೇಕೆಂತಲೇ ಮಾಡಿದ ಅಂತ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಾನು ಇಲ್ಲಿರೋದು ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳು ಅಣ್ಣ" ಅಂದೆ.

"ಏನಂತ ಮಾತಾಡ್ತೀಯೆ? ಕೈ ಜಾರ್ತು" ಅಂದ ಗೋಡೆಗೆ. ಎದ್ದು ಹೋಗುವಾಗ ಕುರ್ಚಿಗೆ ಮೊಣಕಾಲು ಬಡಿಸಿಕೊಂಡ.

ವ್ಯಾನಿನ ಎಡಬದಿಯ ಮೀನಿನ ಬಾಲ ಪೂರ್ತಿ ಕೆರೆದುಹೋಗಿದೆ. ನಿಲ್ಲಿಸಿದ್ದಾಗ ಯಾರೋ ಉಜ್ಜಿಕೊಂಡು ಹೋದರಂತೆ. ಅಣ್ಣ ಅಂಥದ್ದಕ್ಕೆ ಬೀದಿ ಒಂದು ಮಾಡುವವನು, ಈ ಸಲ ತುಟಿಪಿಟಕ್ಕೆನ್ನಲಿಲ್ಲ.

ಅವನ ವ್ಯಾನಿನ ಲೈಸನ್ಸಿಗೆ ವರ್ಷಕ್ಕೊಮ್ಮೆ ಕಣ್ಣಿನ ಸರ್ಟಿಫಿಕೇಟು ಬೇಕು. ನಾನು ಪರೀಕ್ಷಿಸಿ ಬರೆಯುತ್ತೇನೆ, ಶನಿವಾರ ಅಂಗಡಿಗೆ ಬರುವ ಡಾಕ್ಟರು ಅದನ್ನು ನೋಡಿ ಸಹಿ ಹಾಕುತ್ತಾರೆ. ಮಂಗಳವಾರ ಬಾ ಅಂದಿದ್ದೇನೆ. ಕೋಪವಿದ್ದರೂ ಕೆಲಸ ಕೆಲಸವೇ.

ನವೆಂಬರ್ ೨೫, ಮಂಗಳವಾರ

ಬೆಳಗ್ಗೆ ಯಜಮಾನರು ಧೂಳು ಹಿಡಿದ ಹಳೆಯ ಚಾರ್ಟನ್ನು ಕಿತ್ತು ಹೊಸದನ್ನು ಹಾಕಿದ್ದರು. ಮಧ್ಯಾಹ್ನ ಮಕ್ಕಳನ್ನು ಬಿಟ್ಟು ಅಣ್ಣ ಬಂದ. ಕುರ್ಚಿಯಲ್ಲಿ ಕೂರಿಸಿ, ಎಡಗಣ್ಣು ಮುಚ್ಚಿಸಿ, ಕಡ್ಡಿಯಿಂದ ಮೊದಲ ಸಾಲು ತೋರಿಸಿದೆ.

ಅಣ್ಣ ಓದಿದ. ನಿಲ್ಲದೆ, ತಡವರಿಸದೆ, ಕೆಳಗಿನ ಸಾಲಿನವರೆಗೆ ಓದಿದ. ಬೆಂಚಿನ ಮೇಲೆ ಕೂತು ಗುನುಗುವಾಗಿನ ಅದೇ ರಾಗದಲ್ಲಿ.

ಅವನು ಓದಿದ್ದು ಹಳೆಯ ಚಾರ್ಟು. ಗೋಡೆಯ ಮೇಲೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನೊಂದು ಕಣ್ಣು ಮುಚ್ಚಿಸಿದೆ. ಮತ್ತೆ ಅದೇ ಓದಿದ. ನಾನು ಕಡ್ಡಿಯನ್ನು ಹೊಸ ಅಕ್ಷರಗಳ ಮೇಲೆ ಒಂದೊಂದಾಗಿ ಇಡುತ್ತಾ ಹೋದೆ, ಅವನು ಇಲ್ಲದ ಅಕ್ಷರಗಳನ್ನು ಹೇಳುತ್ತಾ ಹೋದ.

"ಸರಿ ಇದ್ಯಾ?" ಅಂದ.

"ಆಯ್ತು ಅಣ್ಣ" ಅಂದೆ.

ಅವನು ನಿಟ್ಟುಸಿರು ಬಿಟ್ಟ. ಬಾಗಿಲ ಚೌಕಟ್ಟನ್ನು ಕೈಯಲ್ಲಿ ಮುಟ್ಟಿ ನೋಡಿ ಹೊರಗೆ ಹೋದ. ಹಾಳೆಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟಿದ್ದೇನೆ. ಗರಡಿಗೆ ಹೋಗಲಿಲ್ಲ.

ನವೆಂಬರ್ ೨೬, ಬುಧವಾರ

ತಮಾಷೆ ಮಾಡಿರಬಹುದು. ಅಣ್ಣನಿಗೆ ಮೊದಲಿಂದಲೂ ತಮಾಷೆ ಜಾಸ್ತಿ.

ನವೆಂಬರ್ ೨೭, ಗುರುವಾರ

ತಮಾಷೆಯಲ್ಲ. ನಾನು ಪೆದ್ದಿಯಲ್ಲ, ಇಷ್ಟು ದಿನ ಪೆದ್ದಿಯಾಗಿದ್ದೆ ಅಷ್ಟೆ.

ಪೇಪರು, ನೀರಿನ ಲೋಟ, ಮೀನಿನ ಬಾಲ. ಅಂಗಡಿಗೆ ಬೇರೆ ಯಾರಾದರೂ ಬಂದು ಇಷ್ಟು ಹೇಳಿದ್ದರೆ ಎರಡನೆಯ ಮಾತಿಗೇ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ನನ್ನ ಮನೆಯದ್ದಾದ್ದರಿಂದ ಕೋಪ ಅಂದುಕೊಂಡೆ. ಆದರೆ ವ್ಯಾನು ಹೋದರೆ ಅಣ್ಣನಿಗೆ ಏನು ಉಳಿಯುತ್ತದೆ? ಬೀದಿಯಲ್ಲಿ ಅವನಿಗೆ ಹೆಸರೇ ವ್ಯಾನಣ್ಣ ಅಂತ. ಇದ್ದದ್ದನ್ನು ಬರೆಯದಿದ್ದರೆ ವ್ಯಾನಿನ ಮಕ್ಕಳ ಗತಿ? ಅವನು ನನ್ನನ್ನು ಏನೂ ಕೇಳದೆ ಕರೆತಂದ. ನಾನೂ ಏನೂ ಕೇಳದೆ ಇರಬೇಕಲ್ಲವೇ? ಹೀಗೇ ಸುತ್ತಿ ಸುತ್ತಿ ಬೆಳಗಿಂದ ಒಂದು ಕನ್ನಡಕದ ನಂಬರನ್ನೂ ಸರಿಯಾಗಿ ಬರೆಯಲಿಲ್ಲ.

ಸಂಜೆ ಮೇಲೆ ಹೋಗಿ ನಿಂತೆ. ಪೋಸ್ಟಪ್ಪನ ಹೆಬ್ಬೆರಳಿನ ಪಟ್ಟಿ ಬಿಚ್ಚಿದೆ, ಉಗುರು ಮಾತ್ರ ಇನ್ನೂ ಕಪ್ಪಗಿದೆ. ಕೋಲಿನ ತುದಿಯ ತಾಮ್ರದ ಪಟ್ಟಿ ಒಂದು ಕಡೆ ತಗ್ಗಾಗಿದೆ, ಕಂಬಕ್ಕೆ ಬಡಿದ ಗುರುತಿರಬೇಕು. ಹಣೆಯ ಮುಂದೆ ನಿಂತಾಗ ಅದರಲ್ಲಿ ಕಿಟಕಿಯ ಬೆಳಕು ಗೆರೆಯ ಹಾಗೆ ಕಾಣುತ್ತದೆ. ಈ ಮನುಷ್ಯ ಪ್ರತಿ ಸಲ ತಪ್ಪು ತಿಳ್ಕೋಬೇಡಿ ಅನ್ನುವುದನ್ನು ಯಾವಾಗ ಬಿಡುತ್ತಾರೋ. ನಾನು "ಕಂಡೆ" ಅಂದೆ, ಅವರು ಕೋಲು ಇಳಿಸಿದರು. ನನ್ನ ತಲೆಯ ತುಂಬ ಬೇರೆಯೇ ಓಡುತ್ತಿತ್ತು, ಮುಗಿದ ಕೂಡಲೇ ಗುರುಗಳ ಹತ್ತಿರ ಹೋದೆ.

"ಎದುರಿಗಿರೋರಿಗೆ ಗೊತ್ತಿದ್ರೂ ಹೇಳಬಾರದು ಅಂತ ಯಾಕೆ ಮಾಡಿದ್ದೀರಿ?"

ಅವರು ಕೆಮ್ಮಿ, ನೀರು ಕುಡಿದು, ಆಮೇಲೆ ಹೇಳಿದರು. "ಕಣ್ಣು ಮುಚ್ಚಿದೋರಿಗೇ ಪೆಟ್ಟು ಬೀಳೋದು. ಅದಕ್ಕೇ ಅವರೇ ಹೇಳ್ಲಿ ಅಂತ."

"ಬೇರೆಯವರಿಗೆ ಬೀಳೋ ಹಾಗಿದ್ರೆ?"

"ಆಗ ನಿಯಮ ಏನು ಬಂತು? ನಾನೇ ಕೂಗ್ತೀನಿ."

ಇದರಲ್ಲಿ ವೇದಾಂತವೇನೂ ಇರಲಿಲ್ಲ. ಹಾಲಿನ ದೀಪ ಆರಿಸುತ್ತಾ, ಬೀಗದ ಕೈ ಹುಡುಕುತ್ತಾ ಹೇಳಿದ ಮಾತು. ನನಗೆ ಮಾತ್ರ ಮೆಟ್ಟಿಲಿಳಿಯುವಾಗಲೂ ಅದೇ ಕೇಳುತ್ತಿತ್ತು.

ನವೆಂಬರ್ ೨೮, ಶುಕ್ರವಾರ

ಆ ಕಡೆ ಕೆಲಸವಿದೆ ಅಂತ ಸುಳ್ಳು ಹೇಳಿ ಬೆಳಗ್ಗೆ ಅಣ್ಣನ ವ್ಯಾನು ಹತ್ತಿದೆ. ಮಕ್ಕಳ ನಡುವೆ ಹಿಂದಿನ ಸೀಟಿನಲ್ಲಿ ಕೂತೆ. ದಾರಿ ಅವನಿಗೆ ಅಂಗೈಯಷ್ಟು ಪರಿಚಯ. ಎಲ್ಲಿ ತಿರುವು, ಎಲ್ಲಿ ಗುಂಡಿ, ಯಾವ ಗೇಟಿನ ಮುಂದೆ ಯಾವ ಮಗು, ಎಲ್ಲ ಕೈಗೇ ಗೊತ್ತು. ಒಂದು ಕ್ಷಣ, ನಾನೇ ಏನೇನೋ ಕಲ್ಪಿಸಿಕೊಂಡೆ ಅಂತ ಸಂತೋಷಪಟ್ಟೆ.

ದೊಡ್ಡ ರಸ್ತೆಯ ಸಿಗ್ನಲ್ ಬಂತು. "ಈಗ ಯಾವ ಬಣ್ಣ?" ಅಂದ ಅಣ್ಣ.

"ಕೆಂಪೂ" ಅಂತ ಮಕ್ಕಳೆಲ್ಲ ಕೂಗಿದರು. ಅಣ್ಣ ನಿಲ್ಲಿಸಿದ.

"ಈಗ?"

"ಹಸಿರೂ." ವ್ಯಾನು ಹೊರಟಿತು.

ಮಕ್ಕಳು ನಗುತ್ತಿದ್ದರು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಇದು ಅವನು ಖುಷಿಯಾಗಿದ್ದಾನೆ ಅನ್ನುವುದಕ್ಕೆ ಸಾಕ್ಷಿ ಅಂತ ನಾನೇ ಇಲ್ಲಿ ಬರೆದುಕೊಂಡಿದ್ದೆ.

ಮುಂದಿನ ಸಿಗ್ನಲ್ಲಿನ ಹೊತ್ತಿಗೆ ಮುಂದಿನ ಸೀಟಿನ ಇಬ್ಬರು ಪೆನ್ಸಿಲ್ ಡಬ್ಬಿಗೆ ಕಿತ್ತಾಡುತ್ತಿದ್ದರು. "ಯಾವ ಬಣ್ಣ ಮಕ್ಕಳೇ?" ಅಂದ ಅಣ್ಣ. ಯಾರೂ ಹೇಳಲಿಲ್ಲ. "ಏ, ಬಣ್ಣ ಹೇಳ್ರೋ" ಅಂದ. ಡಬ್ಬಿ ಕೆಳಗೆ ಬಿತ್ತು, ಎಲ್ಲರೂ ಬಗ್ಗಿದರು. ಪಕ್ಕದ ಬಸ್ಸು ಗುರ್ ಅಂದದ್ದಕ್ಕೆ ಅಣ್ಣನ ಕಾಲು ಬ್ರೇಕಿನಿಂದ ಮೇಲೆದ್ದಿತು. ವ್ಯಾನು ಮುಂದಕ್ಕೆ ಸರಿಯಿತು. ಎದುರಿಗೆ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡು ರಸ್ತೆ ದಾಟುತ್ತಿದ್ದಳು.

"ಕೆಂಪು" ಅಂತ ಕೂಗಿದೆ. "ಅಣ್ಣ, ಕೆಂಪು."

ಬ್ರೇಕು ಬಿತ್ತು. ಮಕ್ಕಳು ನಾನೂ ಆಟಕ್ಕೆ ಸೇರಿದೆ ಅಂದುಕೊಂಡು ಚಪ್ಪಾಳೆ ಹೊಡೆದರು. ಹೆಂಗಸು ಬೈದುಕೊಂಡು ದಾಟಿದಳು. ಅಲ್ಲಿಂದ ಶಾಲೆಯವರೆಗೆ ಪ್ರತಿ ಬಣ್ಣವನ್ನೂ ನಾನೇ ಹೇಳಿದೆ.

ಮಕ್ಕಳು ಇಳಿದ ಮೇಲೆ ಮುಂದಿನ ಸೀಟಿಗೆ ಬಂದು ಕೂತು ಇಂಜಿನ್ ಆರಿಸು ಅಂದೆ. ಆರಿಸಿದ.

"ಮಂಗಳವಾರ ನೀನು ಓದಿದ್ದು ಹಳೇ ಚಾರ್ಟು ಅಣ್ಣ. ಗೋಡೆ ಮೇಲಿದ್ದದ್ದೇ ಬೇರೆ."

ವ್ಯಾನಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ, "ಗೊತ್ತಿದ್ದೂ ಆಯ್ತು ಅಂದ್ಯಾ?" ಅಂದ.

"ಹೂಂ, ಅಂದೆ."

"ಹಾಗಿದ್ರೆ ಈಗ್ಲೂ ಅದನ್ನೇ ಅನ್ನು. ಸಣ್ಣ ಊರಲ್ಲ ಇದು, ಬೇರೆ ಕೆಲಸ ನೋಡ್ಕೋತೀನಿ. ವರ್ಷ ಮುಗಿಯೋವರೆಗೆ ಬಿಡು."

"ಆಗಲ್ಲ ಅಣ್ಣ."

"ಯಾಕಾಗಲ್ಲ? ನಿನ್ನನ್ನ ಆ ಮನೆಯಿಂದ ಇದೇ ವ್ಯಾನಲ್ಲಿ ತಂದೆ. ಒಂದು ಮಾತು ಕೇಳಿದ್ನಾ ನಿನ್ನ? ಈಗ ನನ್ನ ಕೈಯಿಂದ ಇದನ್ನೇ ಕಿತ್ಕೋತೀಯಾ?"

ಅವನ ಕೈ ಮೇಲೆದ್ದಿತು. ಅಣ್ಣನ ಕೈ ಇಷ್ಟು ಮುದಿಯಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಉಗುರಿನ ಸಂದಿಯಲ್ಲಿ ಕರಿ ಎಣ್ಣೆ, ಮಣಿಕಟ್ಟಿನಲ್ಲಿ ಗಡಿಯಾರದ ಪಟ್ಟಿಯ ಬಿಳಿ ಗುರುತು. ಈಚೆಗೆ ಗಡಿಯಾರ ಕಟ್ಟುವುದಿಲ್ಲ, ಮುಳ್ಳು ಕಂಡರೆ ತಾನೆ ಕಟ್ಟುವುದು. ಆ ಕೈ ಬಂದು ಸ್ಟಿಯರಿಂಗಿನ ಮೇಲೆ ಬಿತ್ತು. ಹಾರ್ನು ಬಡಿದುಕೊಂಡಿತು. ಶಾಲೆಯ ಕಾವಲುಗಾರ ತಿರುಗಿ ನೋಡಿದ.

"ಸಂಜೆ ಮಕ್ಕಳನ್ನ ನೀನು ಕರ್ಕೊಂಡು ಬರಲ್ಲ" ಅಂದೆ. "ನಾಳೆ ಡಾಕ್ಟ್ರಿಗೆ ನಾನೇ ಹೇಳ್ತೀನಿ. ನೀನೂ ಬಾ."

ಅಣ್ಣ ಅತ್ತ. ಅಪ್ಪ ಹೋದಾಗಲೂ ಅತ್ತಿರಲಿಲ್ಲ.

"ಯಾವಾಗ್ಲಿಂದ?" ಅಂತ ಕೇಳಿದೆ.

"ಬೇಸಿಗೆಯಿಂದ. ಸುತ್ತ ಎಲ್ಲ ಇದೆ ಕಣೆ, ನಡುವೆ ಮಾತ್ರ ಯಾರೋ ಒರೆಸಿಬಿಟ್ಟ ಹಾಗೆ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ಕಣ್ಣು ನೋಡೋಳು. ನಿಂಗೆ ಹೇಳಿದ್ರೆ ಅಲ್ಲಿಗೆ ಮುಗೀತಲ್ಲ."

ವ್ಯಾನನ್ನು ಶಾಲೆಯ ಗೇಟಿನ ಹತ್ತಿರವೇ ಬಿಟ್ಟು ಬಸ್ಸಿನಲ್ಲಿ ಬಂದೆವು. ಬಸ್ಸಿನ ನಂಬರು ನಾನು ಓದಿದೆ. ಅತ್ತಿಗೆ ಮಕ್ಕಳ ಮನೆಗಳಿಗೆಲ್ಲ ಫೋನು ಮಾಡಿದರು.

ನವೆಂಬರ್ ೨೯, ಶನಿವಾರ

ಡಾಕ್ಟರು ನೋಡಿದರು. ಕಣ್ಣಿನ ಒಳಪರದೆಯ ನಡುಭಾಗ ಹಾಳಾಗಿದೆ. ಹೋದದ್ದು ಬರುವುದಿಲ್ಲ. ಇರುವುದು ಹೋಗದ ಹಾಗೆ ಇಂಜೆಕ್ಷನ್ ಕೊಟ್ಟು ನೋಡಬಹುದಂತೆ. ಬೇಸಿಗೆಯಲ್ಲೇ ಬಂದಿದ್ದರೆ, ಅಂತ ಹೇಳಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು.

ಹಾಳೆಯಲ್ಲಿ ವಾಹನ ನಡೆಸಲು ಆಗುವುದಿಲ್ಲ ಅಂತ ಬರೆದೆ. ನನ್ನ ಅಕ್ಷರ ಅದು, ನಾನೇ ಬರೆದೆ.

ಅಣ್ಣ ಮನೆಗೆ ಬಂದು ಮಲಗಿದವನು ಏಳಲಿಲ್ಲ. ಅತ್ತಿಗೆ ನನ್ನನ್ನು ಬೈಯಲೂ ಇಲ್ಲ, ಸರಿಯಾದದ್ದನ್ನೇ ಮಾಡಿದೆ ಅನ್ನಲೂ ಇಲ್ಲ. ನಾನು ಮಾಡಿದ್ದು ಏನು ಅಂತ ನನಗೇ ತಿಳಿಯುತ್ತಿಲ್ಲ.

ಡಿಸೆಂಬರ್ ೨, ಮಂಗಳವಾರ

ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದ. ವ್ಯಾನಿಗೆ ಹೊದಿಕೆ ಹಾಕಿ ನಿಲ್ಲಿಸಿದ್ದಾರೆ. ಬೆಳಗ್ಗೆ ಮಕ್ಕಳ ಹೊತ್ತಿಗೆ ಸರಿಯಾಗಿ ಎದ್ದು, ಅಂಗಿ ಹಾಕಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತು ಒಳಗೆ ಬರುತ್ತಾನೆ. ಅದನ್ನು ನೋಡಲು ಆಗುವುದಿಲ್ಲ.

ಸಂಜೆ ಗರಡಿಗೆ ಹೋದೆ. ಮನೆಯಲ್ಲಿರುವುದಕ್ಕಿಂತ ವಾಸಿ ಅಂತ. ಜೋರಿನ ಬೀಸು. ಕೋಲು ಬರುವುದು ಕಾಣುತ್ತಿತ್ತು, ನಾನೇ ಸ್ವಲ್ಪ ವಾಲಿದ್ದರಿಂದ ಕಿವಿಯ ಹತ್ತಿರ ತರಚಿತು. ಪೋಸ್ಟಪ್ಪನನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಊಟಕ್ಕೆ ಅಣ್ಣ ಬಂದು ಕೂತ. ನಾನು ಎದುರಿಗೆ ಕೂತದ್ದೇ ತಡ, ಗೋಡೆಯ ಕಡೆ ಮುಖ ತಿರುಗಿಸಿದ. ಇನ್ನು ಎಷ್ಟು ದಿನ ಹೀಗೆ? ತಟ್ಟೆ ಎತ್ತಿಕೊಂಡು ಮಹಡಿಗೆ ಹೋಗೋಣ ಅಂತ ಎದ್ದೆ.

"ಯಾಕೆ ಎದ್ದೆ? ಕೂತ್ಕೋ" ಅಂದ, ಗೋಡೆಯ ಕಡೆಯೇ ನೋಡುತ್ತಾ. "ಕಿವಿ ಹತ್ರ ಅದೇನೇ ಗಾಯ?"

ಕೂತೆ. ಅತ್ತಿಗೆಗೂ ಆ ಗಾಯ ಕಂಡಿರಲಿಲ್ಲ.

"ಕೋಲು ತಗುಲ್ತು" ಅಂದೆ.

"ಹುಣಸೆಬೀಜದಷ್ಟಿದೆ, ಕೆಂಪಗೆ. ಔಷಧಿ ಹಚ್ಕೋ." ಮುಖವನ್ನು ಇನ್ನೂ ಸ್ವಲ್ಪ ಆಚೆಗೆ ತಿರುಗಿಸಿದ. "ಅತ್ತಿದ್ಯಾ? ಕಣ್ಣು ಊದಿದೆ."

ಇಂಥ ಕಣ್ಣಿನವರು ಅಂಗಡಿಗೆ ಬಂದರೆ ನಾನೇ ಹೇಳಿಕೊಡುತ್ತೇನೆ. ನೇರವಾಗಿ ನೋಡಬೇಡಿ, ಮುಖ ಪಕ್ಕಕ್ಕೆ ತಿರುಗಿಸಿ, ಆಗ ಕಣ್ಣಿನ ಅಂಚಿನಲ್ಲಿ ಕಾಣುತ್ತದೆ ಅಂತ. ಎಷ್ಟು ಜನಕ್ಕೆ ಹೇಳಿದ್ದೇನೋ. ಅಣ್ಣನಿಗೆ ಯಾರೂ ಹೇಳಿಕೊಟ್ಟಿಲ್ಲ, ಬೇಸಿಗೆಯಿಂದ ಊಟದ ಮೇಜಿನಲ್ಲಿ ತಾನೇ ಕಲಿತಿದ್ದಾನೆ.

ಮುಖ ತಿರುಗಿಸಿದ ಅಂತ ನಾನು ಮನಸ್ಸಿಗೆ ಹಚ್ಚಿಕೊಂಡ ಅಷ್ಟು ಹೊತ್ತೂ ಅವನು ನನ್ನನ್ನೇ ನೋಡುತ್ತಿದ್ದ.

ಆಮೇಲೆ ಹೆಚ್ಚೇನೂ ಮಾತಾಡಲಿಲ್ಲ, ಊಟ ಮಾಡಿದೆವು. ನಾಳೆಯಿಂದ ನನ್ನ ಕುರ್ಚಿಯನ್ನು ದೀಪದ ಕಡೆಗೆ ಹಾಕಿಕೊಳ್ಳಬೇಕು. ಅಲ್ಲಿ ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ.